ಫೋಲ್ಡರಿನ ಐಕಾನ್ ಸಾಸಿವೆಕಾಳಾದಾಗ: 4ಕೆ ಪರದೆಯಲ್ಲಿ ಗಾತ್ರ, ಅಂತರ ಸರಿಪಡಿಸುವ ಬಗೆ

ಹೊಸ ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ತೆರೆದರೆ ಐಕಾನ್‌ಗಳು ಸಾಸಿವೆಕಾಳಿನಷ್ಟು ಕಾಣುತ್ತವೆ. ದೊಡ್ಡದು ಮಾಡಿದರೆ ಸಾಲಿಗೆ ನಾಲ್ಕೇ ಐಕಾನ್ ಹಿಡಿಯುತ್ತವೆ, ನಡುವೆ ಎಮ್ಮೆ ಮಲಗುವಷ್ಟು ಜಾಗ. ಬೇಸತ್ತು ರೆಸಲ್ಯೂಷನ್ (ಪರದೆಯ ಚುಕ್ಕೆಗಳ ಎಣಿಕೆ) ಇಳಿಸಿದರೆ ಅಕ್ಷರಗಳೆಲ್ಲ ಮಸುಕು. ಈ ಮೂರೂ ತೊಂದರೆ ಹುಟ್ಟುವುದು ಒಂದೇ ಗೊಂದಲದಿಂದ. ಇಡೀ ಪರದೆಯ ಸ್ಕೇಲ್ (ಎಲ್ಲವನ್ನೂ ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಶೇಕಡಾ ಅಂಕಿ), ಆಯಾ ಫೋಲ್ಡರಿನ ಐಕಾನ್ ಗಾತ್ರ, ಐಕಾನ್‌ಗಳ ನಡುವಿನ ಅಂತರ ಎಂಬ ಮೂರು ಹಿಡಿಕೆಗಳು ವಿಂಡೋಸ್‌ನಲ್ಲಿ ಬೇರೆಬೇರೆ ಕಡೆ ಇವೆ. ಒಂದರ ದೋಷಕ್ಕೆ ಇನ್ನೊಂದನ್ನು ತಿರುಗಿಸಿದರೆ ಎರಡೂ ಕೆಡುತ್ತವೆ. ಆದ್ದರಿಂದ ಕೈ ಹಾಕುವ ಮೊದಲು ಯಾವುದು ತಪ್ಪಿದೆ ಎಂದು ಗೊತ್ತುಮಾಡಿಕೊಳ್ಳಬೇಕು.

ಇಲ್ಲಿನ ಹೆಜ್ಜೆಗಳು ವಿಂಡೋಸ್ 11ಕ್ಕೆ. ವಿಂಡೋಸ್ 10ರಲ್ಲೂ ಬಹುಪಾಲು ಹೀಗೇ; ಬೇರೆ ಇರುವಲ್ಲಿ ಹೇಳಿದೆ. ಮ್ಯಾಕ್, ಲಿನಕ್ಸ್ ಕೊನೆಯಲ್ಲಿವೆ.

ಮೊದಲು ಅಡಿಪಟ್ಟಿ ಹಿಡಿದು ಅಳೆಯಿರಿ

ಯಾವುದಾದರೂ ಫೋಲ್ಡರ್ ತೆರೆದು ಕಂಟ್ರೋಲ್, ಶಿಫ್ಟ್, 3 ಒಟ್ಟಿಗೆ ಒತ್ತಿ. ನೋಟ ಮೀಡಿಯಂ ಐಕಾನ್‌ಗೆ ಬರುತ್ತದೆ. ಈಗ ಪರದೆಯ ಮೇಲೆ ಅಡಿಪಟ್ಟಿ ಇಟ್ಟು ಒಂದು ಐಕಾನಿನ ಎತ್ತರ ಅಳೆಯಿರಿ. (ಅಡಿಪಟ್ಟಿಗೆ ನಾವು ಸ್ಕೇಲು ಅನ್ನುವುದೂ ಉಂಟು, ಇಲ್ಲಿ ವಿಂಡೋಸ್‌ನ ಸ್ಕೇಲ್ ಜೊತೆ ಗಲಿಬಿಲಿಯಾಗುವುದು ಬೇಡ.)

ಮೀಡಿಯಂ ಐಕಾನ್ ಎಂದರೆ ವಿಂಡೋಸ್ ಲೆಕ್ಕದಲ್ಲಿ 48 ಪಿಕ್ಸೆಲ್ (ಪಿಕ್ಸೆಲ್ ಎಂದರೆ ಪರದೆಯ ಒಂದು ಚುಕ್ಕೆ). 24 ಇಂಚಿನ ಮಾಮೂಲಿ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್ ಇರುತ್ತವೆ, ಹಾಗಾಗಿ 100% ಸ್ಕೇಲ್‌ನಲ್ಲಿ ಐಕಾನ್ 13 ಮಿ.ಮೀ. ಬರುತ್ತದೆ. 14 ಇಂಚಿನ, 2880×1800 ಪಿಕ್ಸೆಲ್‌ಗಳ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 243 ಪಿಕ್ಸೆಲ್. ಅಲ್ಲೂ ಸ್ಕೇಲ್ 100% ಇದ್ದರೆ ಅದೇ ಐಕಾನ್ ಬರೀ 5 ಮಿ.ಮೀ.; 200% ಮಾಡಿದರೆ 10 ಮಿ.ಮೀ. ಲ್ಯಾಪ್‌ಟಾಪನ್ನು ಮಾನಿಟರಿಗಿಂತ ಹತ್ತಿರ ಇಟ್ಟುಕೊಂಡು ನೋಡುವುದರಿಂದ ಕಣ್ಣಿಗೆ 10 ಮಿ.ಮೀ. ಸಾಕಾಗುತ್ತದೆ.

ಅಳತೆ 7–8 ಮಿ.ಮೀ.ಗಿಂತ ಕಡಿಮೆ ಬಂದರೆ ತಪ್ಪಿರುವುದು ಸ್ಕೇಲ್. 10ರಿಂದ 13ರ ಒಳಗಿದ್ದೂ ನಿಮಗೆ ಚಿಕ್ಕದೆನಿಸಿದರೆ ಸ್ಕೇಲ್ ಮುಟ್ಟಬೇಡಿ, ಫೋಲ್ಡರಿನ ಐಕಾನ್ ಗಾತ್ರ ಬದಲಿಸಿ. ಗಾತ್ರ ಸರಿಯಿದ್ದು ಸಾಲುಗಳ ನಡುವೆ ಮಾತ್ರ ಖಾಲಿ ಜಾಗ ಕಂಡರೆ ನೇರ ಅಂತರದ ಭಾಗಕ್ಕೆ ಹೋಗಿ.

ಸ್ಕೇಲ್ ತಪ್ಪಿದ್ದರೆ

ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟಿಂಗ್ಸ್ ತೆರೆಯಿರಿ. ಸ್ಕೇಲ್ ಎಂಬಲ್ಲಿ ರೆಕಮೆಂಡೆಡ್ ಎಂದು ಬರೆದಿರುವ ಅಂಕಿಯಿಂದ ಶುರುಮಾಡಿ. 27 ಇಂಚಿನ 4ಕೆ (3840×2160 ಪಿಕ್ಸೆಲ್) ಮಾನಿಟರಿಗೆ 150% ಹೊಂದುತ್ತದೆ (ಮೀಡಿಯಂ ಐಕಾನ್ 11 ಮಿ.ಮೀ.), 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿಗೆ 125%, ಅದೇ ಅಳತೆಯ 4ಕೆ ಲ್ಯಾಪ್‌ಟಾಪಿಗೆ 250%ರ ಆಸುಪಾಸು.

ಅದರ ಕೆಳಗೇ ಇರುವ ರೆಸಲ್ಯೂಷನ್ ಮಾತ್ರ ಇಳಿಸಬೇಡಿ. 3840×2160 ಇದ್ದದ್ದನ್ನು 1920×1080 ಮಾಡಿದರೆ ಐಕಾನ್ ದೊಡ್ಡದಾಗುವುದು ನಿಜ. ಆದರೆ ಪರದೆಯ ನಾಲ್ಕು ಚುಕ್ಕೆ ಸೇರಿ ಒಂದು ಚುಕ್ಕೆಯ ಕೆಲಸ ಮಾಡುತ್ತವೆ, ಅಕ್ಷರದ ಅಂಚು ಒರಟಾಗುತ್ತದೆ. 4ಕೆ ಪರದೆಗೆ ಕೊಟ್ಟ ದುಡ್ಡು ದಂಡ.

ಕಸ್ಟಮ್ ಸ್ಕೇಲಿಂಗ್ ಎಂಬ ಪೆಟ್ಟಿಗೆಯಲ್ಲಿ 100ರಿಂದ 500ರವರೆಗೆ ಯಾವ ಅಂಕಿಯನ್ನಾದರೂ ಬರೆಯಬಹುದು. ಅನಿವಾರ್ಯವಲ್ಲದಿದ್ದರೆ ಅದರ ತಂಟೆಗೆ ಹೋಗದಿರುವುದೇ ಲೇಸು. ಅಲ್ಲಿ ಕೊಟ್ಟ ಅಂಕಿ ಸೈನ್ ಔಟ್ ಮಾಡಿ ಬಂದ ಮೇಲೇ ಜಾರಿಗೆ ಬರುತ್ತದೆ, ಜೋಡಿಸಿರುವ ಎಲ್ಲ ಮಾನಿಟರಿಗೂ ಅದೇ ಅನ್ವಯಿಸುತ್ತದೆ. ಮಾನಿಟರಿಗೊಂದು ಸ್ಕೇಲ್ ಇಡುವ ಸೌಲಭ್ಯವೇ ಕೈತಪ್ಪಿತು. ಸ್ಕೇಲ್ ಪಟ್ಟಿ ಬಣ್ಣ ಕಳೆದುಕೊಂಡು ಕ್ಲಿಕ್ಕಿಗೆ ಸಿಗದಿದ್ದರೆ ಹಿಂದೆ ಯಾರೋ ಕಸ್ಟಮ್ ಸ್ಕೇಲಿಂಗ್ ಹಾಕಿಟ್ಟಿದ್ದಾರೆ ಎಂದರ್ಥ. ಅದೇ ಪುಟದಲ್ಲಿ ಅದನ್ನು ತೆಗೆದು ಸೈನ್ ಔಟ್ ಮಾಡಲು ಕೊಂಡಿ ಇರುತ್ತದೆ.

ಇದಕ್ಕೆ ತಿರುಗುಮುರುಗಾದ ದೂರೂ ಉಂಟು: ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಎಲ್ಲವೂ ದೈತ್ಯಾಕಾರ, ರೆಸಲ್ಯೂಷನ್ ಪಟ್ಟಿಯಲ್ಲಿ ದೊಡ್ಡ ಅಂಕಿಗಳೇ ಇಲ್ಲ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶ) ಕೂತಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಡ್ರೈವರ್ ಹಾಕಿ ಕಂಪ್ಯೂಟರ್ ಮತ್ತೆ ಶುರುಮಾಡಿ. ಅಲ್ಲಿಯವರೆಗೆ ಬೇರೇನು ತಿರುಗಿಸಿದರೂ ನೀರಿನಲ್ಲಿ ಹೋಮ ಮಾಡಿದಂತೆ.

ಐಕಾನ್ ಸರಿಯಿದ್ದು ಅದರ ಕೆಳಗಿನ ಹೆಸರು ಮಾತ್ರ ಓದಲಾಗದಷ್ಟು ಚಿಕ್ಕದಿದ್ದರೆ ಸ್ಕೇಲ್ ಬದಲು ಆಕ್ಸೆಸಿಬಿಲಿಟಿ ಎಂಬಲ್ಲಿ ಟೆಕ್ಸ್ಟ್ ಸೈಜ್ ಏರಿಸಿ; 225%ವರೆಗೆ ಹೋಗುತ್ತದೆ. ಐಕಾನ್ ಹೆಸರಿನ ಅಕ್ಷರಕ್ಕಷ್ಟೇ ಗಾತ್ರ ಕೊಡುವ ಹಳೆಯ ಆಯ್ಕೆಯನ್ನು ವಿಂಡೋಸ್ 10ರ 1703 ಆವೃತ್ತಿಯಲ್ಲಿ ಕಿತ್ತುಹಾಕಿದರು. ಆಮೇಲೆ ಅದು ಬರಲೇ ಇಲ್ಲ.

ಫೋಲ್ಡರಿನೊಳಗಿನ ಗಾತ್ರ, ಅದು ಮರೆತುಹೋಗುವ ಕಾಯಿಲೆ

ಫೋಲ್ಡರ್ ತೆರೆದು ತೋರಿಸುವ ಎಕ್ಸ್‌ಪ್ಲೋರರಿನಲ್ಲಿ ಎಂಟು ನೋಟಗಳಿವೆ. ಕಂಟ್ರೋಲ್, ಶಿಫ್ಟ್ ಜೊತೆ 1 ಒತ್ತಿದರೆ ಎಕ್ಸ್‌ಟ್ರಾ ಲಾರ್ಜ್ (256), 2 ಲಾರ್ಜ್ (96), 3 ಮೀಡಿಯಂ (48), 4 ಸ್ಮಾಲ್ (16), 5 ಲಿಸ್ಟ್, 6 ಡೀಟೇಲ್ಸ್, 7 ಟೈಲ್ಸ್, 8 ಕಂಟೆಂಟ್. ನಡುವಿನ ಗಾತ್ರ ಬೇಕಿದ್ದರೆ ಕಂಟ್ರೋಲ್ ಒತ್ತಿಹಿಡಿದು ಮೌಸಿನ ಚಕ್ರ ತಿರುಗಿಸಿ. 4ಕೆ ಪರದೆಯಲ್ಲಿ ಫೋಟೋ ಫೋಲ್ಡರಿಗೆ 96 ಸ್ವಲ್ಪ ಕಡಿಮೆ, 256 ತೀರಾ ಹೆಚ್ಚು ಎನಿಸುವುದು ಸಾಮಾನ್ಯ. ಲಾರ್ಜ್‌ಗೆ ಬಂದು ಚಕ್ರವನ್ನು ಒಂದೆರಡು ಹಲ್ಲು ಮುಂದೆ ತಿರುಗಿಸಿದರೆ ಹದ ಸಿಗುತ್ತದೆ.

ಹೀಗೆ ಇಟ್ಟ ಗಾತ್ರ ಆ ಒಂದು ಫೋಲ್ಡರಿಗಷ್ಟೇ. ಎಲ್ಲ ಕಡೆ ಬೇಕೆಂದರೆ ಎಕ್ಸ್‌ಪ್ಲೋರರಿನ ಮೂರು ಚುಕ್ಕೆ ಒತ್ತಿ, ಆಪ್ಷನ್ಸ್ ತೆರೆದು, ವ್ಯೂ ಟ್ಯಾಬಿನಲ್ಲಿ ಅಪ್ಲೈ ಟು ಫೋಲ್ಡರ್ಸ್ ಒತ್ತಬೇಕು. ವಿಂಡೋಸ್ 10ರಲ್ಲಿ ಆಪ್ಷನ್ಸ್ ಇರುವುದು ಮೇಲಿನ ವ್ಯೂ ಪಟ್ಟಿಯ ಬಲತುದಿಯಲ್ಲಿ.

ಇದನ್ನು ಒತ್ತಿದ ಮೇಲೂ ಅರ್ಧ ಫೋಲ್ಡರ್‌ಗಳು ಬದಲಾಗಲಿಲ್ಲ ಎಂಬ ದೂರು ಪದೇಪದೇ ಬರುತ್ತದೆ. ಗುಂಡಿಯಲ್ಲಿ ದೋಷವಿಲ್ಲ. ವಿಂಡೋಸ್ ಪ್ರತಿ ಫೋಲ್ಡರಿಗೂ ಒಂದು ಜಾತಿ ಕಟ್ಟಿರುತ್ತದೆ: ಜನರಲ್ ಐಟಮ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್. ನೀವು ಡಾಕ್ಯುಮೆಂಟ್ಸ್ ಜಾತಿಯ ಫೋಲ್ಡರಿನಲ್ಲಿ ನಿಂತು ಗುಂಡಿ ಒತ್ತಿದರೆ ಆ ಜಾತಿಯವಷ್ಟೇ ಬದಲಾಗುತ್ತವೆ. ಜಾತಿ ಯಾವುದೆಂದು ನೋಡಲು ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಸ್ಟಮೈಸ್ ಟ್ಯಾಬ್. ಅಲ್ಲೇ ಬದಲಿಸಲೂಬಹುದು, ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸಲಿ ಎಂಬ ಟಿಕ್ ಹಾಕುವುದನ್ನು ಮರೆಯಬೇಡಿ. ನಮ್ಮ ಸಲಹೆ ಏನೆಂದರೆ ಐದು ಜಾತಿಯ ಒಂದೊಂದು ಫೋಲ್ಡರ್ ತೆರೆದು, ಬೇಕಾದ ಗಾತ್ರ ಇಟ್ಟು, ಐದು ಸಲ ಗುಂಡಿ ಒತ್ತಿಬಿಡಿ. ಐದು ನಿಮಿಷದ ಕೆಲಸ.

ಅದಾದ ಮೇಲೂ ಇಟ್ಟ ಗಾತ್ರ ನಿಲ್ಲದೆ, ಇವತ್ತು ಇಟ್ಟದ್ದು ನಾಳೆ ಮಾಯವಾಗುತ್ತಿದ್ದರೆ ವಿಂಡೋಸ್‌ನ ನೆನಪಿನ ಚೀಲವೇ ಹರಿದಿದೆ. ಚೀಲ ಎನ್ನುವುದು ಉಪಮೆಗೆ ಹೇಳಿದ್ದಲ್ಲ. ವಿಂಡೋಸ್ ತನ್ನ ಸೆಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅದರ ಹೆಸರೇ ಬ್ಯಾಗ್ಸ್. ಸ್ಟಾರ್ಟ್‌ನಲ್ಲಿ ರೆಜ್‌ಎಡಿಟ್ ತೆರೆದು, ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಕ್ಲಾಸಸ್, ಲೋಕಲ್ ಸೆಟಿಂಗ್ಸ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಶೆಲ್ ಎಂದು ಒಳಗೆ ಇಳಿಯಿರಿ. ಅಲ್ಲಿ ಬ್ಯಾಗ್ಸ್, ಬ್ಯಾಗ್‌ಎಂಆರ್‌ಯು ಎಂಬ ಎರಡು ಕೀಗಳಿವೆ. ಮೊದಲು ಶೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಎರಡನ್ನೂ ಒಟ್ಟಿಗೆ ಅಳಿಸಿ. ಒಂದನ್ನೇ ಅಳಿಸಿದರೆ ಲೆಕ್ಕ ಹೊಂದುವುದಿಲ್ಲ, ಒಂದು ಪುಸ್ತಕವಾದರೆ ಇನ್ನೊಂದು ಅದರ ಪರಿವಿಡಿ. ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಆಯ್ದು ರೀಸ್ಟಾರ್ಟ್ ಒತ್ತಿ. ಫೈಲುಗಳಿಗೆ ಏನೂ ಆಗುವುದಿಲ್ಲ. ಆದರೆ ಎಲ್ಲ ಫೋಲ್ಡರಿನ ನೋಟ, ವಿಂಗಡಣೆ, ಕಾಲಂ ಅಗಲ ಹೊಸದಾಗಿ ಶುರುವಾಗುತ್ತದೆ.

ಇನ್ನೊಂದು ಮಾತು. ಫೈಲ್ ತೆರೆಯುವ, ಸೇವ್ ಆಸ್ ಮಾಡುವ ಪೆಟ್ಟಿಗೆಗಳು ತಮ್ಮ ನೋಟವನ್ನು ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. ಫೋಲ್ಡರಿನಲ್ಲಿ ದೊಡ್ಡ ಐಕಾನ್, ಸೇವ್ ಪೆಟ್ಟಿಗೆಯಲ್ಲಿ ಚಿಕ್ಕದು ಎಂದರೆ ಅದು ದೋಷವಲ್ಲ. ಆ ಪೆಟ್ಟಿಗೆಯೊಳಗೂ ಕಂಟ್ರೋಲ್ ಹಿಡಿದು ಚಕ್ರ ತಿರುಗಿಸಿ.

ಅಂತರ: ಎಲ್ಲಿ ಬದಲಿಸಬಹುದು, ಎಲ್ಲಿ ಆಗದು

ಜಾಲದಲ್ಲಿ ಹುಡುಕಿದರೆ ಐಕಾನ್ ಅಂತರಕ್ಕೆ ರಿಜಿಸ್ಟ್ರಿ ಮದ್ದು ಸಿಗುತ್ತದೆ. ಅದು ಡೆಸ್ಕ್‌ಟಾಪಿಗೆ ಮಾತ್ರ ನಾಟುತ್ತದೆ. ಈಗಿನ ವಿಂಡೋಸ್‌ನ ಫೋಲ್ಡರಿನೊಳಗೆ ಅಂತರಕ್ಕೆಂದು ಪ್ರತ್ಯೇಕ ಹಿಡಿಕೆಯನ್ನು ಮೈಕ್ರೋಸಾಫ್ಟ್ ಇಟ್ಟಿಲ್ಲ. ಐಕಾನ್ ಗಾತ್ರ ಬದಲಿಸಿದರೆ ಅದರ ಸುತ್ತಲಿನ ಚೌಕವೂ ಜೊತೆಗೇ ಬದಲಾಗುತ್ತದೆ, ಅಷ್ಟೇ. ಇದನ್ನು ತಿಳಿಯದೆ ರಿಜಿಸ್ಟ್ರಿ ತಿದ್ದಿ, ಸೈನ್ ಔಟ್ ಮಾಡಿ, ಫೋಲ್ಡರ್ ತೆರೆದು, ಏನೂ ಆಗಲಿಲ್ಲವೆಂದು ಮತ್ತೆ ತಿದ್ದಿ, ಕೊನೆಗೆ ಡೆಸ್ಕ್‌ಟಾಪಿನ ಐಕಾನ್‌ಗಳು ಒಂದರ ಮೇಲೊಂದು ಹತ್ತಿ ಕೂರುವವರೆಗೆ ಹೋಗುವವರಿದ್ದಾರೆ.

ಫೋಲ್ಡರಿನಲ್ಲಿ ಅಂತರ ಹೆಚ್ಚಾಗಿ ಕಾಣಲು ತಿದ್ದಬಹುದಾದ ಕಾರಣಗಳೂ ಕೆಲವಿವೆ. ಡೌನ್‌ಲೋಡ್ಸ್ ಫೋಲ್ಡರ್ ತಾರೀಕಿನ ಪ್ರಕಾರ ಗುಂಪು ಕಟ್ಟಿಕೊಂಡಿರುತ್ತದೆ. ಇವತ್ತಿನದು ಎರಡು ಫೈಲ್ ಇದ್ದರೆ ಆ ಸಾಲಿನ ಉಳಿದ ಜಾಗವೆಲ್ಲ ಖಾಲಿ, ಮುಂದಿನ ಗುಂಪು ಕೆಳಗಿನ ಸಾಲಿನಿಂದ ಶುರು. ಅಗಲ ಪರದೆಯಲ್ಲಿ ಇದು ಎದ್ದು ಕಾಣುತ್ತದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ಗ್ರೂಪ್ ಬೈ, ನನ್. ಮುಗಿಯಿತು.

ಲಿಸ್ಟ್, ಡೀಟೇಲ್ಸ್ ನೋಟಗಳಲ್ಲಿ ಸಾಲುಗಳು ದೂರದೂರ ಇದ್ದರೆ ವ್ಯೂ ಪಟ್ಟಿಯಲ್ಲಿ ಕಾಂಪ್ಯಾಕ್ಟ್ ವ್ಯೂ ಟಿಕ್ ಮಾಡಿ. ವಿಂಡೋಸ್ 11 ಬಂದಾಗ ಬೆರಳಿನಿಂದ ಮುಟ್ಟುವವರಿಗೆ ಅನುಕೂಲವಾಗಲೆಂದು ಸಾಲುಗಳನ್ನು ದೂರ ಮಾಡಿದರು. ಈ ಟಿಕ್ ಅವನ್ನು ವಿಂಡೋಸ್ 10ರ ಹಾಗೆ ಹತ್ತಿರ ತರುತ್ತದೆ. ಎಡಬದಿಯ ಪಟ್ಟಿಯೂ ಇದರಿಂದ ಬಿಗಿಯಾಗುತ್ತದೆ. ಮೌಸ್ ಹಿಡಿಯುವವರು ಮೊದಲ ದಿನವೇ ಇದನ್ನು ಹಾಕಿಕೊಳ್ಳುವುದು ಒಳ್ಳೆಯದು. ದೊಡ್ಡ ಐಕಾನ್ ನೋಟಗಳಲ್ಲಿ ಇದರ ಪ್ರಭಾವ ಹುಡುಕಬೇಡಿ. ಹೆಸರಿನ ಎಡಕ್ಕೆ ಸಣ್ಣ ಖಾಲಿ ಪಟ್ಟಿ ಉಳಿದರೆ ವ್ಯೂ, ಶೋ ಒಳಗಿನ ಐಟಮ್ ಚೆಕ್ ಬಾಕ್ಸಸ್ ಟಿಕ್ ತೆಗೆಯಿರಿ. ಡೀಟೇಲ್ಸ್ ನೋಟದಲ್ಲಿ ಕಾಲಂಗಳ ನಡುವೆ ಬಯಲಿದ್ದರೆ ಕಂಟ್ರೋಲ್ ಒತ್ತಿ ನಂಬರ್ ಪ್ಯಾಡಿನ ಪ್ಲಸ್ ಒತ್ತಿ; ಹೆಸರುಗಳ ಉದ್ದಕ್ಕೆ ತಕ್ಕಂತೆ ಎಲ್ಲ ಕಾಲಂ ಕುಗ್ಗುತ್ತವೆ.

ಇನ್ನು ಡೆಸ್ಕ್‌ಟಾಪ್. ರೆಜ್‌ಎಡಿಟ್ ತೆರೆದು ಎಚ್‌ಕೀ ಕರೆಂಟ್ ಯೂಸರ್, ಕಂಟ್ರೋಲ್ ಪ್ಯಾನೆಲ್, ಡೆಸ್ಕ್‌ಟಾಪ್, ವಿಂಡೋಮೆಟ್ರಿಕ್ಸ್ ಎಂದು ಇಳಿಯಿರಿ. ಇಲ್ಲಿ ಐಕಾನ್‌ಸ್ಪೇಸಿಂಗ್ ಅಡ್ಡ ಅಂತರ, ಐಕಾನ್‌ವರ್ಟಿಕಲ್‌ಸ್ಪೇಸಿಂಗ್ ಉದ್ದ ಅಂತರ. ಎರಡರಲ್ಲೂ ಮೂಲದಲ್ಲಿ ಇರುವ ಬೆಲೆ -1125. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಎಂದರೆ, ಇದು ಪಿಕ್ಸೆಲ್ ಲೆಕ್ಕವಲ್ಲ, ಟ್ವಿಪ್ ಲೆಕ್ಕ. ಒಂದು ಇಂಚಿಗೆ 1440 ಟ್ವಿಪ್. ವಿಂಡೋಸ್‌ಗೆ 100%ರಲ್ಲಿ ಇಂಚೆಂದರೆ 96 ಪಿಕ್ಸೆಲ್, ಹಾಗಾಗಿ ಪಿಕ್ಸೆಲ್ಲಿಗೆ 15 ಟ್ವಿಪ್. 75ನ್ನು 15ರಿಂದ ಗುಣಿಸಿದರೆ 1125. ಸ್ಕೇಲ್ ಏರಿದಾಗ ಅಂತರವೂ ತಾನಾಗಿ ಏರಲಿ ಎಂದೇ ಇಂಚಿಗೆ ಕಟ್ಟಿದ ಈ ಲೆಕ್ಕ. ಆದ್ದರಿಂದ 200% ಪರದೆ ಎಂದು ನೀವು ಮತ್ತೆ ಎರಡರಿಂದ ಗುಣಿಸಬೇಕಿಲ್ಲ. ಗುಣಿಸಿದರೆ ಐಕಾನ್‌ಗಳು ಊರಿಗೊಂದರಂತೆ ಕೂರುತ್ತವೆ.

ಬೇಕಾದ ಪಿಕ್ಸೆಲ್ಲನ್ನು 15ರಿಂದ ಗುಣಿಸಿ ಮುಂದೆ ಮೈನಸ್ ಹಾಕಿ: 70ಕ್ಕೆ -1050, 85ಕ್ಕೆ -1275, 100ಕ್ಕೆ -1500. ಮೈನಸ್ ಬದಿಗಿಟ್ಟು ನೋಡಿದರೆ ಅಂಕಿ ದೊಡ್ಡದಾದಷ್ಟೂ ಅಂತರ ಹೆಚ್ಚು. ಕನಿಷ್ಠ -480 (32 ಪಿಕ್ಸೆಲ್), ಗರಿಷ್ಠ -2730 (182 ಪಿಕ್ಸೆಲ್). ಮೈನಸ್ ಬಿಟ್ಟುಹೋಗುವುದೇ ಇಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು. ಎರಡನೆಯ ತಪ್ಪು, ತಿದ್ದಿದ ಕೂಡಲೇ ಬದಲಾವಣೆ ಕಾಣಲಿಲ್ಲವೆಂದು ಇನ್ನಷ್ಟು ತಿದ್ದುವುದು. ಸೈನ್ ಔಟ್ ಮಾಡಿ ಒಳಬಂದ ಮೇಲೇ ಕಾಣುವುದು. ಸಲಕ್ಕೆ 5 ಪಿಕ್ಸೆಲ್‌ಗಿಂತ ಹೆಚ್ಚು ಸರಿಸದಿದ್ದರೆ ಹದ ತಪ್ಪುವುದಿಲ್ಲ.

ಕನ್ನಡ ಹೆಸರಿನ ಫೈಲುಗಳಿದ್ದರೆ

ಇಂಗ್ಲಿಷ್ ಹೆಸರುಗಳನ್ನಷ್ಟೇ ಇಟ್ಟುಕೊಂಡವರು ಉದ್ದ ಅಂತರವನ್ನು -900ಕ್ಕೆ ಇಳಿಸಿ ಹಾಯಾಗಿರಬಹುದು. ನಮಗೆ ಒತ್ತಕ್ಷರವಿದೆ. "ರಾಷ್ಟ್ರೀಯ ಹೆದ್ದಾರಿ ಸ್ವಾಧೀನ ಪಟ್ಟಿ" ಎಂಬ ಹೆಸರು ಡೆಸ್ಕ್‌ಟಾಪಿನಲ್ಲಿ ಎರಡು ಸಾಲಾಗಿ ಮುರಿಯುತ್ತದೆ. ಮೊದಲ ಸಾಲಿನ ಷ್ಟ್ರೀಯಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು, ಎರಡನೆಯ ಸಾಲಿನ ಟ್ಟಿಯಲ್ಲಿ ಮತ್ತೊಂದು. ಉದ್ದ ಅಂತರ ಬಿಗಿದರೆ ಮೊದಲು ಇಕ್ಕಟ್ಟಾಗುವುದು ಈ ಒತ್ತುಗಳೇ. ಹಾಗಾಗಿ ಅಡ್ಡ ಅಂತರ -1050 ಮಾಡಿದರೂ ಉದ್ದ ಅಂತರವನ್ನು -1125ಕ್ಕಿಂತ ಇಳಿಸಬೇಡಿ. ಟೆಕ್ಸ್ಟ್ ಸೈಜ್ ಏರಿಸಿಕೊಂಡಿದ್ದರೆ -1275ಕ್ಕೆ ಏರಿಸುವುದೇ ಸರಿ.

ಕನ್ನಡದ ಅಕ್ಷರಗಳು ಅಗಲವೂ ಹೌದು. ಅದೇ ಚೌಕದಲ್ಲಿ ಇಂಗ್ಲಿಷಿನ ಹನ್ನೆರಡು ಅಕ್ಷರ ಹಿಡಿದರೆ ನಮ್ಮದು ಅಷ್ಟು ಹಿಡಿಯುವುದಿಲ್ಲ, ಉಳಿದದ್ದು ಮೂರು ಚುಕ್ಕೆಯಾಗುತ್ತದೆ. "ಗ್ರಾಮ ಪಂಚಾಯಿತಿ ಸಭೆ ನಡಾವಳಿ 1, 2, 3" ಎಂದು ಹೆಸರಿಟ್ಟರೆ ಮೂರೂ ಒಂದೇ ರೀತಿ ಕಾಣುತ್ತವೆ. ಅಂಕಿಯನ್ನು ಮುಂದೆ ತಂದು "1 ಸಭೆ ನಡಾವಳಿ" ಎಂದಿಟ್ಟರೆ ಅಂತರ ತಿದ್ದುವ ಗೋಜೇ ಇಲ್ಲ.

ವಿಂಡೋಸ್ ಈಗ ಕನ್ನಡಕ್ಕೆ ಬಳಸುವುದು ನಿರ್ಮಲಾ ಯುಐ ಅಕ್ಷರಶೈಲಿ. ಹಿಂದಿನ ತುಂಗಾ ಬೇಕಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂದು ಹುಡುಕಿ ಹಾಕಿಕೊಳ್ಳಬಹುದು. ಹಳೆಯ ಆಸ್ಕಿ ಸಂಕೇತದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹೆಸರುಗಳು ಮಾತ್ರ ಯಾವ ಗಾತ್ರಕ್ಕೂ ಸರಿಹೋಗವು. ಅವು ಒಳಗಿನಿಂದ ಇಂಗ್ಲಿಷ್ ಚಿಹ್ನೆಗಳೇ. ಯೂನಿಕೋಡ್‌ನಲ್ಲಿ ಮತ್ತೆ ಹೆಸರಿಡಬೇಕು.

ಗಾತ್ರ ಸರಿ, ಐಕಾನ್ ಮಸುಕು

ಎಲ್ಲ ಐಕಾನ್‌ಗಳೂ ಚೊಕ್ಕಟವಾಗಿದ್ದು ಒಂದೆರಡು ಮಾತ್ರ ಮಸುಕಾಗಿದ್ದರೆ ಅವುಗಳ ಚಿತ್ರದಲ್ಲೇ ಕೊರತೆ. ಒಂದು ಐಕಾನ್ ಫೈಲಿನೊಳಗೆ 16, 32, 48, 256 ಹೀಗೆ ಹಲವು ಅಳತೆಯ ಚಿತ್ರಗಳಿರುತ್ತವೆ. 150% ಪರದೆ ಮೀಡಿಯಂ ಐಕಾನಿಗೆ 72 ಪಿಕ್ಸೆಲ್ ಕೇಳುತ್ತದೆ. ಒಳಗೆ 256 ಇದ್ದರೆ ಅದನ್ನು ಕುಗ್ಗಿಸಿ ಕೊಡಬಹುದು. ವಿಂಡೋಸ್ ಎಕ್ಸ್‌ಪಿ ಕಾಲದ ತಂತ್ರಾಂಶಗಳಲ್ಲಿ 48ಕ್ಕೇ ನಿಂತಿರುತ್ತದೆ, ಹಿಗ್ಗಿಸಿದಾಗ ಮಸುಕಾಗುತ್ತದೆ. ಎಕ್ಸ್‌ಟ್ರಾ ಲಾರ್ಜ್‌ನಲ್ಲಿ ದೊಡ್ಡ ಚೌಕದ ನಡುವೆ ಪುಟ್ಟ ಐಕಾನ್ ಕೂತಿದ್ದರೂ ಕಾರಣ ಇದೇ. ನಿಮ್ಮ ಕಡೆಯ ಉಪಾಯ: ಆ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್‌ಗೆ ಹೋಗಿ ಚೇಂಜ್ ಐಕಾನ್ ಮೂಲಕ 256 ಅಳತೆ ಇರುವ ಬೇರೊಂದನ್ನು ಹಾಕುವುದು.

ಸ್ಕೇಲ್ ಬದಲಿಸಿದ ಮೇಲೆ ಎಲ್ಲವೂ ಮಸುಕಾದರೆ, ಇಲ್ಲವೇ ಬಿಳಿ ಹಾಳೆಗಳಾಗಿ ಕಂಡರೆ ಐಕಾನ್ ಸಂಗ್ರಹ ಹಳತಾಗಿದೆ. ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದಿಟ್ಟುಕೊಂಡು ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರಿಗೆ ಎಂಡ್ ಟಾಸ್ಕ್ ಕೊಡಿ. ಟಾಸ್ಕ್‌ಬಾರ್ ಮಾಯವಾಗುತ್ತದೆ, ಗಾಬರಿ ಬೇಡ. ಪ್ರಾಂಪ್ಟಿನಲ್ಲಿ ನಿಮ್ಮ ಹೆಸರಿನ ಫೋಲ್ಡರಿನೊಳಗಿನ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಎಕ್ಸ್‌ಪ್ಲೋರರ್ ಫೋಲ್ಡರಿಗೆ ಹೋಗಿ, ಐಕಾನ್‌ಕ್ಯಾಶ್ ಎಂದು ಶುರುವಾಗುವ ಫೈಲುಗಳನ್ನು ಡೆಲ್ ಆಜ್ಞೆ ಕೊಟ್ಟು ಅಳಿಸಿ. ಬಳಿಕ ಎಕ್ಸ್‌ಪ್ಲೋರರ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಎಲ್ಲ ವಾಪಸ್ ಬರುತ್ತದೆ. ಎಕ್ಸ್‌ಪ್ಲೋರರ್ ಓಡುತ್ತಿರುವಾಗಲೇ ಅಳಿಸಲು ಹೋದರೆ ಫೈಲ್ ಬಳಕೆಯಲ್ಲಿದೆ ಎಂದು ಬಿಡುವುದಿಲ್ಲ. ಫೋಟೋ, ವಿಡಿಯೋಗಳ ಪುಟ್ಟ ಚಿತ್ರಗಳಷ್ಟೇ ಕೆಟ್ಟಿದ್ದರೆ ಇಷ್ಟು ಸಾಹಸ ಬೇಡ, ಡಿಸ್ಕ್ ಕ್ಲೀನಪ್‌ನಲ್ಲಿ ಥಂಬ್‌ನೇಲ್ಸ್ ಟಿಕ್ ಮಾಡಿ ಅಳಿಸಿದರೆ ಸಾಕು.

ಒಂದು ತಂತ್ರಾಂಶದ ಕಿಟಕಿ ಇಡಿಯಾಗಿ ಮಸುಕಾಗಿದ್ದರೆ ಅದಕ್ಕೆ ದೊಡ್ಡ ಪರದೆಯ ಅರಿವಿಲ್ಲ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ನಲ್ಲಿ ಕಾಲಂ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ ಡಿಪಿಐ ಅವೇರ್‌ನೆಸ್ (ಡಿಪಿಐ ಎಂದರೆ ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಕಾಲಂ ಸೇರಿಸಿ; ಆ ತಂತ್ರಾಂಶದ ಮುಂದೆ ಅನ್‌ಅವೇರ್ ಎಂದಿದ್ದರೆ ಗುಮಾನಿ ಖಚಿತ. ಅದರ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟಿಂಗ್ಸ್ ಒಳಗೆ ಕೊನೆಯ ಟಿಕ್ ಹಾಕಿ, ಮೊದಲು ಸಿಸ್ಟಮ್ ಎನ್‌ಹಾನ್ಸ್ಡ್ ಪ್ರಯತ್ನಿಸಿ. ಅಕ್ಷರ, ಗೆರೆಗಳು ಚೊಕ್ಕಟವಾಗುತ್ತವೆ, ಚಿತ್ರಗಳು ಅಲ್ಪಸ್ವಲ್ಪ ಮಸುಕಾಗೇ ಉಳಿಯಬಹುದು. ಅಪ್ಲಿಕೇಷನ್ ಎಂಬುದನ್ನು ಆರಿಸಿದರೆ ಎಲ್ಲವೂ ಚೊಕ್ಕಟ, ಆದರೆ ಗುಂಡಿಗಳು ಸಾಸಿವೆಕಾಳು. ಲೆಕ್ಕಪತ್ರದ ಹಳೆಯ ತಂತ್ರಾಂಶಗಳಿಗೆ ಎನ್‌ಹಾನ್ಸ್ಡ್ ಸಾಮಾನ್ಯವಾಗಿ ವಾಸಿ.

200% ಲ್ಯಾಪ್‌ಟಾಪಿಗೆ 100% ಮಾನಿಟರ್ ಜೋಡಿಸಿದ ಮೇಲೆ ಮಾತ್ರ ಮಸುಕು ಕಂಡರೆ ಮುಖ್ಯ ಪರದೆ ಯಾವುದೆಂದು ಆರಿಸಿ, ಒಮ್ಮೆ ಸೈನ್ ಔಟ್ ಮಾಡಿ ಬನ್ನಿ. ಹಲವು ತಂತ್ರಾಂಶಗಳು ಒಳಬಂದ ಹೊತ್ತಿನ ಮುಖ್ಯ ಪರದೆಯ ಸ್ಕೇಲನ್ನೇ ಕೊನೆಯವರೆಗೂ ಹಿಡಿದಿರುತ್ತವೆ.

ಮ್ಯಾಕ್, ಲಿನಕ್ಸ್

ಮ್ಯಾಕ್‌ನಲ್ಲಿ ಕೆಲಸ ಸಲೀಸು. ಫೋಲ್ಡರ್ ತೆರೆದು ಕಮಾಂಡ್, ಜೆ ಒತ್ತಿದರೆ ಐಕಾನ್ ಗಾತ್ರ (16ರಿಂದ 512), ಗ್ರಿಡ್ ಅಂತರ, ಹೆಸರಿನ ಅಕ್ಷರದ ಗಾತ್ರ ಮೂರೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ವಿಂಡೋಸ್ ಫೋಲ್ಡರಿನಲ್ಲಿ ಇಲ್ಲದ ಅಂತರದ ಹಿಡಿಕೆ ಇಲ್ಲಿ ಜಾರುಗುಂಡಿಯಾಗಿದೆ. ಕೆಳಗಿನ ಯೂಸ್ ಆಸ್ ಡಿಫಾಲ್ಟ್ಸ್ ಒತ್ತದಿದ್ದರೆ ಅದು ಆ ಫೋಲ್ಡರಿಗಷ್ಟೇ.

ಲಿನಕ್ಸ್‌ನ ಗ್ನೋಮ್ ಫೈಲ್ಸ್‌ನಲ್ಲಿ ಕಂಟ್ರೋಲ್ ಜೊತೆ ಪ್ಲಸ್, ಮೈನಸ್. ಕೆಡಿಇ ಡಾಲ್ಫಿನ್‌ನಲ್ಲಿ ಕೆಳಗಿನ ಪಟ್ಟಿಯ ಜಾರುಗುಂಡಿ.

ಮ್ಯಾಕ್‌ನಲ್ಲಿ ಮೊದಲೇ ಬೇರೆ ಗಾತ್ರ ಇಟ್ಟಿದ್ದ ಫೋಲ್ಡರ್‌ಗಳು ಡಿಫಾಲ್ಟ್ ಬದಲಿಸಿದರೂ ಜಗ್ಗುವುದಿಲ್ಲ, ಏಕೆಂದರೆ ಪ್ರತಿ ಫೋಲ್ಡರಿನಲ್ಲೂ ಡಿಎಸ್ ಸ್ಟೋರ್ ಎಂಬ ಅಡಗಿದ ಫೈಲ್ ಹಳೆಯ ಅಳತೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಫೈಂಡರಿನಲ್ಲಿ (ಮ್ಯಾಕ್‌ನ ಫೋಲ್ಡರ್ ಕಿಟಕಿ) ಕಮಾಂಡ್, ಶಿಫ್ಟ್, ಪೂರ್ಣವಿರಾಮದ ಚುಕ್ಕೆ ಒತ್ತಿದರೆ ಬೇರೆ ಅಡಗಿದ ಫೈಲುಗಳು ಕಾಣಿಸುತ್ತವೆ, ಆದರೆ ಈಗಿನ ಮ್ಯಾಕ್‌ಗಳಲ್ಲಿ ಡಿಎಸ್ ಸ್ಟೋರ್ ಕಾಣಿಸುವುದಿಲ್ಲ. ಅದನ್ನು ಟರ್ಮಿನಲ್‌ನಿಂದ (ಆಜ್ಞೆ ಟೈಪ್ ಮಾಡುವ ಕಿಟಕಿ) ಅಳಿಸಬೇಕು. ಅಳಿಸಿದ ಮೇಲೆ ಆಪಲ್ ಚಿಹ್ನೆಯ ಪಟ್ಟಿಯಲ್ಲಿ ಫೋರ್ಸ್ ಕ್ವಿಟ್ ತೆರೆದು ಫೈಂಡರಿಗೆ ರೀಲಾಂಚ್ ಕೊಡಿ. ಫೋಲ್ಡರ್ ಹೊಸ ಗಾತ್ರದಲ್ಲಿ ತೆರೆಯುತ್ತದೆ.